ಎರಡು ಇಂಚು ಪರಂಬೋಕು

ಸ್ವಲ್ಪ ನಿಲ್ಲಿ ಮಾರಾಯ್ರೇ, ಇದೊಂದನ್ನು ಕೇಳಿಕೊಂಡೇ ಹೋಗಿ. ಕೈಯಲ್ಲಿರುವ ಚಾ ಆರಿದರೆ ಆರಲಿ. ಕಾಪುವಿನ ಶಮ್ನಾಳಿಗೆ ಆದದ್ದು ನಿಮಗೆ ಆಗಿದ್ದರೆ ನೀವು ಕಂಪ್ಯೂಟರನ್ನು ಗುಜರಿಗೆ ಹಾಕಿ ಮೀನು ಮಾರಲು ಹೋಗುತ್ತಿದ್ದಿರಿ.

ಶಮ್ನಾ ಅಂದರೆ ಕಾಪು ಪೇಟೆಯ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಕೂತು ವಿಡಿಯೋ ಎಡಿಟ್ ಮಾಡುವ ಹುಡುಗಿ. ಮದುವೆ, ಮದರಂಗಿ, ಅಂಗಡಿ ಉದ್ಘಾಟನೆ, ಯಾವುದನ್ನೂ ಬಿಟ್ಟವಳಲ್ಲ. ಅವಳಿಗೆ ಅತಿ ಇಷ್ಟದ ಕೆಲಸ ಎಂದರೆ ಉದ್ದದ ವಿಡಿಯೋವನ್ನು ತುಂಡು ಮಾಡುವುದು. ಪರದೆಯ ಕೆಳಭಾಗದಲ್ಲಿ ಇಡೀ ವಿಡಿಯೋ ಒಂದು ಪಟ್ಟಿಯಾಗಿ ಮಲಗಿರುತ್ತದೆ. ಅದರ ಮೇಲೆ ಒಂದು ಕೆಂಪು ಗೆರೆ. ಗೆರೆಯನ್ನು ಬೇಕಾದಲ್ಲಿ ನಿಲ್ಲಿಸಿ ಒಂದು ಕೀ ಒತ್ತಿದರೆ ಮುಗಿಯಿತು, ಒಂದಿದ್ದದ್ದು ಎರಡು. ನೋವಿಲ್ಲ, ಸದ್ದಿಲ್ಲ. ಪಟ್ಟಿಯನ್ನು ಹತ್ತಿರದಿಂದ ನೋಡಬೇಕಾದರೆ ಪ್ಲಸ್ ಒತ್ತಬೇಕು, ಅದು ಹಿಗ್ಗುತ್ತದೆ. ದೂರದಿಂದ ನೋಡಬೇಕಾದರೆ ಮೈನಸ್, ಕುಗ್ಗುತ್ತದೆ. ಈ ಪ್ಲಸ್ಸು ಮೈನಸ್ಸನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದು ಸೋಮವಾರ ಬೆಳಿಗ್ಗೆ ಅವಳ ಮೆಟ್ಟಿಲು ಹತ್ತಿ ನಾಲ್ಕು ಜನ ಬಂದರು. ಮುಂದೆ ಕಾರ್ಕಳದ ಓಸ್ವಾಲ್ಡ್, ಕೈಯಲ್ಲಿ ಸ್ಟೀಲಿನ ಟಿಫಿನ್ ಡಬ್ಬ. ಹಿಂದೆ ಅವನ ತಂಗಿ ಸೆಲೀನ್, ಮದುವೆಯಾಗಿ ಉಡುಪಿಯ ಕಡಿಯಾಳಿಯಲ್ಲಿರುವವಳು. ಅವರ ಹಿಂದೆ ಇಬ್ಬರ ತಾಯಿ ಬರ್ತಾ ಬಾಯಿ. ಕೊನೆಗೆ, ಏದುಸಿರು ಬಿಡುತ್ತಾ, ಸೊಂಟಕ್ಕೆ ಅಳತೆಯ ಟೇಪ್ ಸಿಕ್ಕಿಸಿಕೊಂಡ ಒಬ್ಬ ದಪ್ಪ ಮೀಸೆಯ ಮನುಷ್ಯ.

ಮೊದಲ ಮೂವರನ್ನು ಶಮ್ನಾ ಬಲ್ಲಳು. ಓಸ್ವಾಲ್ಡನ ಮಗಳ ರೋಸ್ ಕಾರ್ಯಕ್ಕೆ, ಅಂದರೆ ಮದುವೆಯ ಮುನ್ನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ದಿನಕ್ಕೆ, ಅವಳೇ ಕ್ಯಾಮೆರಾ ಹಿಡಿದಿದ್ದಳು. ಅವತ್ತು ಹೆಚ್ಚಿನದೊಂದು ಕ್ಯಾಮೆರಾವನ್ನು ಹಿತ್ತಲಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆನ್ ಮಾಡಿ, ಮರೆತೇಬಿಟ್ಟಿದ್ದಳು. ಅದು ಬ್ಯಾಟರಿ ಸಾಯುವವರೆಗೂ ಒಂದೇ ಸಮನೆ ಹಿತ್ತಲನ್ನು ನೋಡುತ್ತಾ ನಿಂತಿತ್ತು. ಹಿತ್ತಲಲ್ಲಿ ಇದ್ದದ್ದು ಬರ್ತಾ ಬಾಯಿಯ ಗಂಡ ಲಿಯೋನೆಲ್. ಹೆರೆಮಣೆಯ ಮೇಲೆ ಕೂತು, ಹೆಗಲಿಗೆ ಮುಖ ಒರೆಸುವ ಬೈರಾಸು ಹಾಕಿಕೊಂಡು, ತೆಂಗಿನಕಾಯಿ ಹೆರೆಯುತ್ತಿದ್ದವರು. ಫೋಟೋ ಅಂದರೆ ಓಡಿಹೋಗುವ ಮನುಷ್ಯ, ಅಂದು ಮಾತ್ರ ಗೊತ್ತಿಲ್ಲದೆ ಸಿಕ್ಕಿಬಿದ್ದಿದ್ದರು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈಗ ಲಿಯೋನೆಲ್ ನಡೆದಾಡುವುದು, ಮಾತಾಡುವುದು ಇರುವುದು ಜಗತ್ತಿನಲ್ಲಿ ಅದೊಂದೇ ವಿಡಿಯೋದಲ್ಲಿ. ಅದು ಒಂದು ಹಾರ್ಡ್ ಡಿಸ್ಕಿನಲ್ಲಿ. ಹಾರ್ಡ್ ಡಿಸ್ಕ್ ಟಿಫಿನ್ ಡಬ್ಬದಲ್ಲಿ.

"ಪಾಲು ಮಾಡಬೇಕು," ಎಂದ ಓಸ್ವಾಲ್ಡ್, ಡಬ್ಬದ ಮುಚ್ಚಳ ತೆಗೆಯುತ್ತಾ.

"ಯಾವುದನ್ನು ಅಂಕಲ್?"

"ಪಪ್ಪನನ್ನು."

ಶಮ್ನಾಳ ಮುಖ ನೋಡಿ ಸೆಲೀನ್ ಬಿಡಿಸಿ ಹೇಳಿದಳು. "ಜಾಗದ ಪಾಲು ಆಯ್ತು. ಪಾತ್ರೆದ್ದೂ ಆಯ್ತು. ಏಣಿ ಒಂದೇ ಇತ್ತು, ಉದ್ದಕ್ಕೆ ಸೀಳಿ ಆಳಿಗೊಂದು ಕಾಲು ತಗೊಂಡೆವು. ಇನ್ನು ಇದೊಂದು ಬಾಕಿ."

"ಒಂದು ಕಾಲಿನ ಏಣಿಯಲ್ಲಿ ಎಂತ ಮಾಡ್ತೀರಿ ಆಂಟಿ?"

"ಎಂತ ಮಾಡೂದು? ಇಟ್ಟುಕೊಳ್ಳೂದು. ನಮ್ಮ ಪಾಲಲ್ವಾ?"

ಶಮ್ನಾ ನಕ್ಕುಬಿಟ್ಟಳು. "ಅಯ್ಯೋ, ಇದಕ್ಕೆ ಪಾಲು ಯಾಕೆ? ಕಾಪಿ ಮಾಡಿ ಕೊಡ್ತೇನೆ. ನಿಮಗೂ ಪೂರ್ತಿ, ಆಂಟಿಗೂ ಪೂರ್ತಿ, ಬಾಯಮ್ಮನಿಗೂ ಪೂರ್ತಿ."

ಓಸ್ವಾಲ್ಡ್ ಡಬ್ಬದ ಮುಚ್ಚಳವನ್ನು ಮತ್ತೆ ಹಾಕಿದ.

"ಎಲ್ಲರಿಗೂ ಎಲ್ಲ ಸಿಕ್ಕಿದರೆ ಅದು ಪಾಲು ಹೇಗೆ ಆಗ್ತದೆ? ಇವಳ ಹತ್ತಿರ ಇರೂದು ನನ್ನ ಹತ್ತಿರವೂ ಇದ್ದರೆ ನನಗೆ ಸಿಕ್ಕಿದ್ದು ಎಂತ?"

"ಅದೇ," ಎಂದಳು ಸೆಲೀನ್. ಅಣ್ಣ ತಂಗಿ ಆ ವರ್ಷದಲ್ಲಿ ಒಪ್ಪಿಕೊಂಡ ಮೊದಲ ಮಾತು ಅದು. "ಕಾಪಿ ಇಲ್ಲ ಅಂತ ಮಾತು ಕೊಡಬೇಕು ನೀನು. ತುಂಡು ಮಾಡಿದ ಮೇಲೆ ಮೂಲ ಅಳಿಸಬೇಕು. ನಮ್ಮ ಎದುರೇ."

ಶಮ್ನಾ ಮಾತು ಕೊಟ್ಟು ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಹುಚ್ಚು ಹುಡುಗಿ, ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದಳು.

ಆಗ ಮೀಸೆಯ ಮನುಷ್ಯ ಮುಂದೆ ಬಂದು ಕಂಪ್ಯೂಟರಿನ ಪರದೆಗೆ ಟೇಪ್ ಹಿಡಿದ.

ಅವರು ಶರಣಬಸಪ್ಪ. ವಿಜಯಪುರದ ಕಡೆಯವರು, ಮಣಿಪಾಲದಲ್ಲಿ ನೆಲೆಸಿ ಎಷ್ಟೋ ವರ್ಷವಾಯಿತು, ಖಾಸಗಿಯಾಗಿ ಜಾಗ ಅಳೆದುಕೊಡುವವರು. ಓಸ್ವಾಲ್ಡನ ಜಾಗ ಅಳೆದವರೂ ಅವರೇ. ಅವರಿಗೆ ತುಳುವೂ ಬಾರದು, ಕೊಂಕಣಿಯೂ ಬಾರದು. ಅರ್ಥವಾಗದ ಭಾಷೆಯಲ್ಲಿ ಜಗಳ ಶುರುವಾದರೆ ಟೇಪ್ ಸುತ್ತಿಕೊಂಡು ಎದ್ದುಹೋಗುವುದು ಅವರ ಪದ್ಧತಿ. ಹಾಗಾಗಿ ಎಲ್ಲರೂ ಕನ್ನಡದಲ್ಲೇ ಜಗಳವಾಡುತ್ತಿದ್ದರು.

"ಒಂದು ಅಡಿ ಎರಡು ಇಂಚ," ಎಂದು ಅವರು ಪಟ್ಟಿಯನ್ನು ಅಳೆದು ಬರೆದುಕೊಂಡರು. "ತಂಗೀ, ಇದರ ಚೆಕ್ಕುಬಂದಿ ಹೇಳವ್ವಾ. ಪೂರ್ವಕ್ಕ ಏನೈತಿ, ಪಶ್ಚಿಮಕ್ಕ ಏನೈತಿ?"

"ಸರ್, ವಿಡಿಯೋಕ್ಕೆ ಶುರು, ಕೊನೆ ಮಾತ್ರ ಉಂಟು. ನಾಲ್ಕು ದಿಕ್ಕು ಇಲ್ಲ."

"ಇಲ್ಲಂದ್ರ ಹೆಂಗ? ಈ ಪಟ್ಟಿ ಕೆಳಗ ಹಸರು ಬಣ್ಣದ್ದು ಏನದು?"

"ಅದು ಧ್ವನಿ."

"ಹಾಂ. ದಕ್ಷಿಣಕ್ಕ ಧ್ವನಿ. ಮ್ಯಾಲ?"

"ಮೇಲೆ ಎಂತದ್ದೂ ಇಲ್ಲ, ಖಾಲಿ."

"ಉತ್ತರಕ್ಕ ಖಾಲಿ. ಅಷ್ಟ ಸಾಕು." ಅವರಿಗೆ ತೃಪ್ತಿಯಾಯಿತು. "ಅರ್ಧಕ್ಕ ಒಂದು ಗುರುತು ಬೇಕು. ಗಿಡನೋ, ಬಾವಿನೋ, ಏನರ ಇದ್ದಲ್ಲಿ ಕಲ್ಲು ಹಾಕೋಣು."

ಗುರುತು ಹುಡುಕಲು ಶಮ್ನಾ ಪ್ಲಸ್ ಒತ್ತಿದಳು. ಪಟ್ಟಿ ಹಿಗ್ಗಿತು. ಶರಣಬಸಪ್ಪ ಟೇಪ್ ಹಿಡಿದವರು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದರು.

"ಏ ಯವ್ವಾ! ಈಗರ ಒಂದಡಿ ಇತ್ತಲ್ಲ, ಈಗ ಗೋಡಿ ಆಚಿಗೆ ಹೊಂಟೈತಿ!"

"ಜಾಗ ಬೆಳೆಯಿತಾ?" ಓಸ್ವಾಲ್ಡನ ಕಣ್ಣು ಅರಳಿತು. "ಬೆಳೆದದ್ದು ಯಾರ ಕಡೆ?"

"ಬೆಳೀಲಿಲ್ಲ ಅಂಕಲ್, ಹತ್ತಿರದಿಂದ ಕಾಣ್ತದೆ ಅಷ್ಟೆ. ಮೈನಸ್ ಒತ್ತಿದರೆ ಮತ್ತೆ ಸಣ್ಣ." ಒತ್ತಿ ತೋರಿಸಿದಳು. ಹಿಗ್ಗಿತು, ಕುಗ್ಗಿತು. ಶರಣಬಸಪ್ಪನವರು ಜೀವಮಾನದಲ್ಲಿ ಎಷ್ಟೋ ತಕರಾರಿನ ಜಾಗ ನೋಡಿದ್ದರು. ಉಸಿರಾಡುವ ಜಾಗ ನೋಡಿರಲಿಲ್ಲ.

"ನೋಡವ್ವಾ," ಎಂದರು ಕೊನೆಗೆ, ಬೆವರು ಒರೆಸಿಕೊಂಡು. "ಹಿಗ್ಗೂದು ಕುಗ್ಗೂದು ನಿನ್ನ ಮಷೀನಿನ ಗುಣ. ನನ್ನ ಟೇಪಿಗೆ ಆ ಗುಣ ಇಲ್ಲ. ನಾ ಒಮ್ಮೆ ಅಳದು ಬರದದ್ದ ಕಡೀದು. ಅದರ ಪ್ರಕಾರನ ಕೊಯ್ಯಬೇಕು. ಒಪ್ಪಿಗಿ ಐತೇನ್ರಿ ಇಬ್ಬರದೂ?"

ಇಬ್ಬರೂ ಒಪ್ಪಿದರು. ಜಾಗದ ಪಾಲಿನವರಿಗೆ ಬುದ್ಧಿ ಹೇಳಲು ಹೋಗುವ ವಯಸ್ಸು ಶಮ್ನಾಳದಲ್ಲ.

ಅರ್ಧದ ಈಚೆಗಿನದು ಓಸ್ವಾಲ್ಡನಿಗೆ, ಆಚೆಗಿನದು ಸೆಲೀನಳಿಗೆ ಎಂದಾಯಿತು. ಆದರೆ ತಕರಾರು ಮುಗಿಯಬೇಕಲ್ಲ! ವಿಡಿಯೋದ ಕೊನೆಗೆ ಓಸ್ವಾಲ್ಡನ ಮಗಳು ಬಂದು ಅಜ್ಜನ ಕೆನ್ನೆಗೆ ತೆಂಗಿನ ಹಾಲು ಹಚ್ಚಿ ಓಡಿಹೋಗುವುದು ಉಂಟು. ಅದು ಸೆಲೀನಳ ಪಾಲಿಗೆ ಬಿತ್ತು.

"ನನ್ನ ಮಗಳ ಹತ್ತಿರ ಹೋಗಲಿಕ್ಕೆ ನನಗೆ ದಾರಿ ಬೇಕು," ಎಂದ ಓಸ್ವಾಲ್ಡ್.

"ದಾರಿ ಕೊಡ್ತೇನೆ," ಎಂದಳು ಸೆಲೀನ್. "ನಮ್ಮ ಮನೆಗೆ ಬಂದು ನೋಡು. ಆದರೆ ಕಾಲುದಾರಿ ಮಾತ್ರ. ಫಾಸ್ಟ್ ಫಾರ್ವರ್ಡ್ ಮಾಡಿಕೊಂಡು ಹೋಗಬಾರದು. ನಡೆದೇ ಹೋಗಬೇಕು."

"ಅಷ್ಟು ಹೊತ್ತು ನಿನ್ನ ಮನೆಯಲ್ಲಿ ಕೂತುಕೊಳ್ಳಬೇಕಾ?"

"ಹೌದು. ಚಾ ಕೊಡ್ತೇನೆ, ಹೆದರಬೇಡ."

ಇನ್ನು ಕುಮ್ಕಿ. ನಮ್ಮ ಕಡೆ ಸ್ವಂತ ಜಾಗದ ಬೇಲಿಯಾಚೆಗಿನ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ ಹಕ್ಕು ಇರುತ್ತದಲ್ಲ, ಅದು. ಎಡಿಟಿಂಗಿನಲ್ಲೂ ತುಂಡಿನ ಎರಡು ತುದಿಗೆ ಒಂದಿಷ್ಟು ಹೆಚ್ಚಿನದನ್ನು ಬಿಟ್ಟುಕೊಳ್ಳುತ್ತಾರೆ, ಮುಂದೆ ಬೇಕಾಗಬಹುದು ಎಂದು. ಶಮ್ನಾ ಗ್ರಹಚಾರಕ್ಕೆ ಅದನ್ನು ಹೇಳಿಬಿಟ್ಟಳು. "ಹಾಗಾದರೆ ಇದಕ್ಕೂ ಕುಮ್ಕಿ ಉಂಟು!" ಎಂದು ಓಸ್ವಾಲ್ಡ್ ತೊಡೆ ತಟ್ಟಿದ. ಮುಂದಿನ ಒಂದು ಗಂಟೆ ಅಣ್ಣ ತಂಗಿ, ವಿಡಿಯೋದ ನಡುವೆ ಕೇಳಿಸುವ ತಂದೆಯ ಒಂದು ಕೆಮ್ಮು ಯಾರ ಕುಮ್ಕಿಗೆ ಸೇರುತ್ತದೆ ಎಂದು ವಾದಿಸಿದರು. ಬೇಸತ್ತ ಶರಣಬಸಪ್ಪ ಕೆಮ್ಮನ್ನು ಅತ್ತ ಅರ್ಧ ಇತ್ತ ಅರ್ಧ ಮಾಡಿ ಮುಗಿಸಿದರು.

ಇಷ್ಟೆಲ್ಲ ಆಗುವಾಗ ಬರ್ತಾ ಬಾಯಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಕಲ್ಲು ಹಾಕುವ ಜಾಗ ಹುಡುಕಲು ಶಮ್ನಾ ಮತ್ತೆ ಪ್ಲಸ್ ಒತ್ತಿ, ಪಟ್ಟಿಯನ್ನು ಹಿಗ್ಗಿಸಿ ನಡುವಿನ ಭಾಗವನ್ನು ಓಡಿಸಿದಾಗ ಮಾತ್ರ ಅವರು ಕುರ್ಚಿಯ ತುದಿಗೆ ಬಂದರು.

ಪರದೆಯಲ್ಲಿ ಬರ್ತಾ ಬಾಯಿ ಬೇಸಿನ್ ಹಿಡಿದು ಹಿತ್ತಲಿಗೆ ಬರುತ್ತಾರೆ. ಲಿಯೋನೆಲ್ ಹೆರೆಯುತ್ತಿದ್ದಾರೆ. ಮಾತು ಕೊಂಕಣಿಯಲ್ಲಿ, ವಿಷಯ ಒಂದು ಕೊಡೆ. ಹೊಸದಾಗಿ ಮದುವೆಯಾದಾಗ ಹೆಬ್ರಿಯ ಬಸ್ಸಿನಲ್ಲಿ ಬಿಟ್ಟುಬಂದ ಕೊಡೆ. ಅದನ್ನು ಬಿಟ್ಟವಳು ನೀನು ಎಂದು ಲಿಯೋನೆಲ್ ಸಂಸಾರವಿಡೀ ಹೇಳಿಕೊಂಡು ಬಂದಿದ್ದರು. ಇಗರ್ಜಿಯ ಅಂಗಳದಲ್ಲಿ, ಬೀಗರ ಎದುರಿಗೆ, ಮಳೆ ಬಂದಾಗಲೆಲ್ಲ. ಪರದೆಯ ಮೇಲಿನ ಬರ್ತಾ ಬಾಯಿ ಬೇಸಿನ್ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು, "ಕಿಟಕಿಯ ಬದಿ ಕೂತದ್ದು ನೀವು. ಕೊಡೆ ಇದ್ದದ್ದು ಕಿಟಕಿಯ ಬದಿ. ಇವತ್ತಾದರೂ ಒಪ್ಪಿಕೊಳ್ಳಿ!" ಎನ್ನುತ್ತಾರೆ.

ಲಿಯೋನೆಲ್ ಹೆರೆಯುವುದನ್ನು ನಿಲ್ಲಿಸುತ್ತಾರೆ. ಬೈರಾಸಿನಿಂದ ಮುಖ ಒರೆಸುತ್ತಾರೆ. ಹೆಂಡತಿಯನ್ನು ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

ಆಮೇಲೆ, "ಹೌದು. ನಾನೇ ಬಿಟ್ಟದ್ದು," ಎಂದು ಹೇಳಿ ಮತ್ತೆ ಹೆರೆಯಲು ಶುರುಮಾಡುತ್ತಾರೆ.

"ಸಿಕ್ಕಿತು!" ಎಂದರು ಶರಣಬಸಪ್ಪ. "ಅಮ್ಮಾರ ಮಾತು ಮುಗಿದಲ್ಲಿಗೆ ಅಣ್ಣನ ಪಾಲು ಮುಗೀತು. ಯಜಮಾನ್ರು ಬಾಯಿ ಬಿಟ್ಟಲ್ಲಿಂದ ತಂಗೀದು ಚಾಲೂ. ಇಂಥಾ ಚಂದದ ಗುರುತು ಯಾವ ಜಾಗದಾಗೂ ಸಿಗಂಗಿಲ್ಲ ಬಿಡ್ರಿ."

"ನಡುವೆ ಸ್ವಲ್ಪ ಉಳಿಯಿತಲ್ಲ ಸರ್," ಎಂದಳು ಶಮ್ನಾ. "ಅವರು ಸುಮ್ಮನೆ ಇರುವುದು."

ಶರಣಬಸಪ್ಪ ಅಳೆದರು. "ಎರಡು ಇಂಚ. ಇದರಾಗ ಏನೈತಿ? ಮಾತಿಲ್ಲ ಕತಿ ಇಲ್ಲ. ಯಾರಿಗೂ ಸೇರದ ಜಾಗ, ಪರಂಬೋಕು ಅಂತ ಬರೀತೀನಿ." ಬರೆದರು. ಓಸ್ವಾಲ್ಡ್, ಸೆಲೀನ್ ಸಹಿ ಹಾಕಿದರು. ಕೊಯ್ಯುವುದು ಮುಂದಿನ ಸೋಮವಾರ, ಅಷ್ಟರೊಳಗೆ ಯಾರಿಗಾದರೂ ತಕರಾರು ಇದ್ದರೆ ಹೇಳಬೇಕು ಎಂದಾಯಿತು. ಮೂವರೂ ಚಾ ಕುಡಿಯಲು ಕೆಳಗೆ ಬೇಕರಿಗೆ ಇಳಿದರು. ಟಿಫಿನ್ ಡಬ್ಬವೂ ಓಸ್ವಾಲ್ಡನ ಕಂಕುಳಲ್ಲಿ ಇಳಿಯಿತು.

ಬರ್ತಾ ಬಾಯಿ ಇಳಿಯಲಿಲ್ಲ.

"ಮಗಾ," ಎಂದರು ಶಮ್ನಾಳಿಗೆ. "ನಾನು ಬೈದದ್ದು ಕಾರ್ಕಳದಲ್ಲಿ ಇರ್ತದೆ. ಅವರು ಒಪ್ಪಿದ್ದು ಕಡಿಯಾಳಿಯಲ್ಲಿ. ನಾನು ಓಸ್ವಾಲ್ಡನ ಮನೆಯಲ್ಲಿ ಪ್ರಶ್ನೆ ಕೇಳಿ, ಬಸ್ಸು ಹತ್ತಿ ಉಡುಪಿಗೆ ಹೋಗಿ ಉತ್ತರ ಕೇಳಬೇಕಾ?"

ಶಮ್ನಾಳಿಗೆ ನಗು ಬಂತು. ಬರ್ತಾ ಬಾಯಿ ನಗುತ್ತಿರಲಿಲ್ಲ.

"ಮತ್ತೆ ಸೆಲೀನಳ ಅತ್ತೆ ನೋಡ್ತಾಳೆ. ಶುರುವಿಗೇ ಈ ಮನುಷ್ಯ 'ಹೌದು, ನಾನೇ' ಅಂತ ಹೇಳೂದು. ಎಂತ ಮಾಡಿದ್ದು ಅಂತ ಇಲ್ಲ. ಅವಳು ಕೊಲೆಯೇ ಮಾಡಿದ್ದಾರೆ ಅಂತ ಊರಿಡೀ ಹೇಳಿಕೊಂಡು ಬರ್ತಾಳೆ."

"ಬಾಯಮ್ಮ, ಮಕ್ಕಳಿಗೆ ನೀವೇ ಹೇಳಿ. ನಿಮಗೆ ಆ ಜಗಳ ಪೂರ್ತಿ ಬೇಕು ಅಂತ."

"ಹೇಳಿದರೆ ಮೂರು ಪಾಲು ಮಾಡ್ತಾರೆ." ಅವರು ಚೀಲದ ಜಿಪ್ಪನ್ನು ಸುಮ್ಮನೆ ಎಳೆದರು, ಬಿಟ್ಟರು. "ಇಡೀ ಸಂಸಾರದಲ್ಲಿ ಅವರು ಸೋತ ಜಗಳ ಇದೊಂದೇ ಮಗಾ. ಸೋತು ಹೇಗೆ ನೋಡಿದರು ಕಂಡೆಯಾ? ಹಾಗೆ ನೋಡಿದ್ದು ಅವತ್ತು ನನಗೆ ಗೊತ್ತೇ ಆಗಲಿಲ್ಲ. ನಾನು ಬೇಸಿನ್ ಎತ್ತುತ್ತಾ ಇದ್ದೆ."

ಅವರು ಬೇರೇನೂ ಕೇಳಲಿಲ್ಲ. ಅದು ಮಾಡು, ಇದು ಮಾಡು ಎನ್ನಲಿಲ್ಲ. ಕೇಳಿದ್ದರೆ ಶಮ್ನಾಳಿಗೆ ಸುಲಭವಾಗುತ್ತಿತ್ತು, ಆಗುವುದಿಲ್ಲ ಎಂದುಬಿಡಬಹುದಿತ್ತು.

ಆ ವಾರವೆಲ್ಲ ಅವಳು ಯಾವುದೋ ಮದರಂಗಿಯ ವಿಡಿಯೋ ತುಂಡು ಮಾಡುತ್ತಾ ಕೂತಳು. ಕೀ ಒತ್ತಿದಾಗಲೆಲ್ಲ ಈಚೆಗೆ ಒಂದು ಬೇಸಿನ್, ಆಚೆಗೆ ಒಂದು ಬೈರಾಸು ಕಂಡ ಹಾಗಾಗುತ್ತಿತ್ತು. ಇಷ್ಟು ದಿನ ಇದಕ್ಕೆ ನೋವಿಲ್ಲ ಅಂದುಕೊಂಡಿದ್ದಳಲ್ಲ!

ಸೋಮವಾರ ಬಂತು. ಟಿಫಿನ್ ಡಬ್ಬ ಬಂತು. ಶರಣಬಸಪ್ಪ ಅಳತೆಯ ಹಾಳೆ ಬಿಚ್ಚಿ, ಕೋರ್ಟಿನಲ್ಲಿ ಕೂಗುವ ಹಾಗೆ, "ತಕರಾರು ಯಾರದರ ಐತೇನ್ರಿ?" ಎಂದು ಕೇಳಿದರು.

"ನನ್ನದು ಉಂಟು," ಎಂದರು ಬರ್ತಾ ಬಾಯಿ.

ಎಲ್ಲರೂ ತಿರುಗಿ ನೋಡಿದರು. ಓಸ್ವಾಲ್ಡನಿಗೆ ತಾಯಿ ಬಂದದ್ದೇ ಮರೆತುಹೋಗಿತ್ತು.

"ಆ ಪರಂಬೋಕು ನನಗೆ ಕೊಡಿ."

"ಅದರಲ್ಲಿ ಎಂತದ್ದೂ ಇಲ್ಲ ಮಮ್ಮಿ," ಎಂದ ಓಸ್ವಾಲ್ಡ್. "ಪಪ್ಪ ಸುಮ್ಮನೆ ಕೂತಿರೂದು. ಖಾಲಿ."

"ಇರಲಿ."

"ಖಾಲಿ ಜಾಗ ತಗೊಂಡು ಎಂತ ಮಾಡ್ತೀ?" ಎಂದಳು ಸೆಲೀನ್.

"ಬಸಳೆ ಹಾಕ್ತೇನೆ."

ಓಸ್ವಾಲ್ಡ್ ಜೋರಾಗಿ ನಕ್ಕ. ಸೆಲೀನಳೂ ನಕ್ಕಳು. ತಾಯಿಗೆ ವಯಸ್ಸಾಯಿತು ಎಂದು ಇಬ್ಬರೂ ಒಬ್ಬರಿಗೊಬ್ಬರು ಕಣ್ಣಿನಲ್ಲೇ ಹೇಳಿಕೊಂಡರು. ಎರಡು ಇಂಚು ತಾನೇ! ಹಾಳೆಯ ಮೇಲೆ 'ಪರಂಬೋಕು' ಎಂಬುದರ ಮುಂದೆ 'ಬರ್ತಾ ಬಾಯಿಯವರಿಗೆ' ಎಂದು ಸೇರಿಸಿ ಮತ್ತೆ ಸಹಿ ಹಾಕಿದರು.

"ಕೊಯ್ಯವ್ವಾ ಹಂಗಾರ," ಎಂದರು ಶರಣಬಸಪ್ಪ, ಕನ್ನಡಕ ಏರಿಸಿ ಟೇಪ್ ಎಳೆಯುತ್ತಾ. "ಗೆರಿ ತಂದು ಪರಂಬೋಕಿನ ನಟ್ಟನಡುವ ನಿಲ್ಲಸು. ಆ ಕಡಿ ಒಂದಿಂಚ, ಈ ಕಡಿ ಒಂದಿಂಚ. ಎರಡೂ ಕಡಿ ಒಂದೊಂದು ಏಟು."

ಶಮ್ನಾ ಕೆಂಪು ಗೆರೆಯನ್ನು ತಂದು ಲಿಯೋನೆಲ್ಲರ ಆ ನೋಟದ ಮೇಲೆ ನಿಲ್ಲಿಸಿದಳು. ಪಟ್ಟಿ ಕಳೆದ ವಾರ ಬಿಟ್ಟ ಹಾಗೆಯೇ ಹಿಗ್ಗಿಕೊಂಡು ಕೂತಿತ್ತು. ಎರಡು ಇಂಚು ಅಂದರೆ ಆ ಮೌನ, ಅಷ್ಟೇ. ಅವಳ ಎಡಗೈ ಕೀಬೋರ್ಡಿನ ಮೇಲಿತ್ತು.

ನಿಮಗೆ ನೆನಪುಂಟಲ್ಲ ಮೈನಸ್?

ಅವಳು ಯೋಚನೆ ಮಾಡಿ ಒತ್ತಿದಳು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಬೆರಳು ಹೋಯಿತು. ಒಮ್ಮೆ, ಇನ್ನೊಮ್ಮೆ, ಮತ್ತೂ ಒಮ್ಮೆ. ಪಟ್ಟಿ ಕುಗ್ಗಿತು. ಈಗ ಗೆರೆಯ ಆಚೆ ಈಚೆ ಒಂದೊಂದು ಇಂಚಿನೊಳಗೆ ಬೇಸಿನ್ ಬಂತು, ಸೊಂಟದ ಮೇಲಿನ ಕೈ ಬಂತು, ಹೆಬ್ರಿಯ ಬಸ್ಸು ಬಂತು, ಕಿಟಕಿ ಬಂತು, ಕೊಡೆ ಬಂತು, "ಹೌದು, ನಾನೇ" ಎನ್ನುವುದೂ ಬಂತು.

ಶರಣಬಸಪ್ಪನವರ ಟೇಪ್ ಪರದೆಯ ಮೇಲೆ ನಿಂತಿತು. ಅವರು ಪಟ್ಟಿಯನ್ನು ನೋಡಿದರು. ಶಮ್ನಾಳನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಏನ್ ಸರ್ವೇಯರ್ರೇ, ಸರಿ ಉಂಟಲ್ವಾ?" ಎಂದ ಓಸ್ವಾಲ್ಡ್.

"ಎರಡು ಇಂಚ," ಎಂದರು ಶರಣಬಸಪ್ಪ. "ಹಾಳ್ಯಾಗ ಬರದದ್ದೂ ಎರಡು ಇಂಚ. ಕೊಯ್ಯವ್ವಾ."

ಕೊಯ್ದಳು. ಮೂರು ಪೆನ್‌ಡ್ರೈವ್ ಆಯಿತು. ಎಲ್ಲರ ಎದುರು ಮೂಲವನ್ನು ಅಳಿಸಿದಳು, ಮಾತು ಕೊಟ್ಟಿದ್ದಳಲ್ಲ. ಬರ್ತಾ ಬಾಯಿ ತಮ್ಮದನ್ನು ಚೀಲದೊಳಗಿನ ಚೀಲದೊಳಗಿನ ಕರ್ಚೀಫಿನಲ್ಲಿ ಕಟ್ಟಿಕೊಂಡರು. ಹೋಗುವಾಗ ಶಮ್ನಾಳ ತಲೆಯ ಶಾಲನ್ನು ಸ್ವಲ್ಪ ಸರಿಮಾಡಿ ಹೋದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಹೇಳಲಾಗದು.

ಇಲ್ಲಿಗೆ ಮುಗಿದಿದ್ದರೆ ನಿಮ್ಮನ್ನು ನಾನು ಯಾಕೆ ನಿಲ್ಲಿಸುತ್ತಿದ್ದೆ?

ನಿನ್ನೆ ಶಮ್ನಾಳಿಗೆ ಓಸ್ವಾಲ್ಡನ ಫೋನ್ ಬಂತು. ಭಾನುವಾರ ಬರ್ತಾ ಬಾಯಿ ಮಗ, ಮಗಳು ಇಬ್ಬರನ್ನೂ ಊಟಕ್ಕೆ ಕರೆದು, ಊಟವಾದ ಮೇಲೆ ತಮ್ಮ ಪಾಲನ್ನು ಟಿವಿಯಲ್ಲಿ ಹಾಕಿ ತೋರಿಸಿದರಂತೆ. ಮೂರು ಸಲ ತೋರಿಸಿದರಂತೆ. "ನೋಡಿ, ಯಾರು ಬಿಟ್ಟದ್ದು ಕೊಡೆ? ಯಾರು?" ಎಂದು ಪ್ರತಿ ಸಲವೂ ಕೇಳಿದರಂತೆ.

"ಸೆಲೀನ್ ಅತ್ತಳು," ಎಂದ ಓಸ್ವಾಲ್ಡ್. "ನಾನು ನಕ್ಕೆ. ಪಪ್ಪನ ಆ ಮುಖ ನೋಡಿ... ಇರಲಿ ಬಿಡು. ಮನೆಗೆ ಬಂದು ಕೈಕಾಲು ತೊಳೆಯುವಾಗ ನನಗೆ ಹೊಳೆಯಿತು ಮಾರಾಯ್ತಿ. ಖಾಲಿ ಜಾಗದಲ್ಲಿ ಇಷ್ಟೆಲ್ಲ ಹೇಗೆ ಬಂತು? ನನ್ನ ಪಾಲು ಹಾಕಿ ನೋಡಿದೆ. ಕೊನೆಯಲ್ಲಿ ಮಮ್ಮಿ ಇಲ್ಲವೇ ಇಲ್ಲ. ಸೆಲೀನಳದ್ದರಲ್ಲಿ ಪಪ್ಪನ 'ಹೌದು' ಇಲ್ಲ. ಇದು ಅತಿಕ್ರಮಣ ಅಲ್ವಾ?"

"ಯಾರದ್ದು ಅಂಕಲ್?"

"ಮಮ್ಮಿಯದ್ದು! ನಾಳೆ ಬೆಳಿಗ್ಗೆ ನಾವಿಬ್ಬರೂ ಬರ್ತೇವೆ, ಸರ್ವೇಯರನ್ನು ಕರ್ಕೊಂಡು. ವಿಡಿಯೋ ಅಳಿಸಿದರೂ ಆ ಪಟ್ಟಿ, ಕೊಯ್ದ ಗುರುತು ಎಲ್ಲ ನಿನ್ನ ಕಂಪ್ಯೂಟರಲ್ಲಿ ಉಳೀತದೆ ಅಂತ ಮಗಳು ಹೇಳಿದಳು. ಅದನ್ನು ಆ ದಿನ ಇದ್ದ ಹಾಗೇ ತೆರೆದಿಡು. ಟೇಪ್ ಹಿಡಿದು ನೋಡುವ. ಹೆಚ್ಚು ಬಂದರೆ ಹೆಚ್ಚಾದದ್ದನ್ನು ಮಮ್ಮಿಯ ಕೈಯಿಂದ ತಗೊಂಡು ನಮಗೆ ತುಂಡು ಮಾಡಿ ಕೊಡಬೇಕು."

ಅಷ್ಟೇ. ಈಗ ಬೆಳಿಗ್ಗೆ. ಶಮ್ನಾಳ ಎದುರಿನ ಪರದೆಯಲ್ಲಿ ಪಟ್ಟಿ ಮಲಗಿದೆ. ಚಿತ್ರ ಇಲ್ಲ, ಧ್ವನಿ ಇಲ್ಲ, ಬರೀ ಬಣ್ಣದ ಮೂರು ತುಂಡು. ಕೆಳಗೆ ಬೇಕರಿಯ ಎದುರು ಓಸ್ವಾಲ್ಡನ ಕಾರು ನಿಂತ ಸದ್ದಾಯಿತು. ಮೆಟ್ಟಿಲಲ್ಲಿ ಶರಣಬಸಪ್ಪನವರ ಏದುಸಿರು ಕೇಳುತ್ತಿದೆ.

ಆ ದಿನ ಇದ್ದ ಹಾಗೇ ಅಂದರೆ ಯಾವ ದಿನ? ಅಳೆದ ದಿನ ಇದ್ದ ಹಾಗೆ ಹಿಗ್ಗಿಸಿ ಇಟ್ಟರೆ ಬರ್ತಾ ಬಾಯಿಯ ಜಗಳ ಇಡೀ ಪರದೆಯ ಅಗಲಕ್ಕೆ ಹಬ್ಬುತ್ತದೆ, ಬಸ್ಸು ಕಾರ್ಕಳಕ್ಕೆ ಹೋಗುತ್ತದೆ, ಒಪ್ಪಿಗೆಯ 'ಹೌದು' ಕಡಿಯಾಳಿಗೆ. ಕೊಯ್ದ ದಿನ ಇದ್ದ ಹಾಗೆ ಕುಗ್ಗಿಸಿ ಇಟ್ಟರೆ ಎರಡೇ ಇಂಚು, ಹಾಳೆಯಲ್ಲಿ ಬರೆದಷ್ಟೇ, ಒಂದು ಕೂದಲೂ ಹೆಚ್ಚಿಲ್ಲ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಅವಳ ಒಂದು ಬೆರಳು ಪ್ಲಸ್ಸಿನ ಮೇಲೆ, ಒಂದು ಮೈನಸ್ಸಿನ ಮೇಲೆ.

ನೀವಾಗಿದ್ದರೆ ಎಂತ ಮಾಡ್ತಿದ್ದಿರಿ, ಹೇಳಿ?